ಯಾವ ಕ್ಲಿಪ್ ಹಾಕಿಸಿದಿರಿ?

ಕಳೆದ ವಾರ ರಾತ್ರಿ ಊಟಕ್ಕೆ ಕುಳಿತಾಗ ಮಗಳು ಒಮ್ಮೆಲೇ ಅಗಿಯುವುದನ್ನು ನಿಲ್ಲಿಸಿ, ನಾಲಿಗೆಯಿಂದ ಮೇಲಿನ ಹಲ್ಲಿನ ಸಾಲನ್ನು ತಡವಿ ನೋಡಿ, ಅಂಗೈಯನ್ನು ಬಾಯಿಯ ಕೆಳಗೆ ಹಿಡಿದಳು. ಅಂಗೈಗೆ ಬಿದ್ದದ್ದು ಶೇಂಗಾ ಹಿಂಡಿ ಮೆತ್ತಿಕೊಂಡಿದ್ದ, ಜೋಳದ ಕಾಳಿಗಿಂತಲೂ ಚಿಕ್ಕದಾದ ಲೋಹದ ತುಣುಕು. ತಂತಿಯನ್ನು ಹಿಡಿದು ನಿಲ್ಲಿಸಲು ಹಲ್ಲಿಗೆ ಅಂಟಿಸುವ ಈ ತುಣುಕಿಗೆ ಬ್ರಾಕೆಟ್ ಎನ್ನುತ್ತಾರೆ. ಹದಿನಾಲ್ಕು ತಿಂಗಳಲ್ಲಿ ಅದು ಕಳಚಿ ಬಿದ್ದದ್ದು ಇದು ಮೂರನೆಯ ಸಲ, ಅದೂ ಬಲಗಡೆಯ ಅದೇ ಹಲ್ಲಿನಿಂದ. "ಕಟಕ ರೊಟ್ಟಿ ಮುಟ್ಟಿಲ್ಲಮ್ಮ, ಮೆತ್ತನ್ನ ರೊಟ್ಟಿನೇ ತಿಂದೀನಿ" ಎಂದು ನಾನು ಕೇಳುವ ಮೊದಲೇ ಹೇಳಿದಳು. ತುಣುಕನ್ನು ತೊಳೆದು, ಒರೆಸಿ, ದೇವರ ಜಗುಲಿಯ ಮೇಲಿದ್ದ ಖಾಲಿ ಕುಂಕುಮದ ಭರಣಿಯಲ್ಲಿ ಹಾಕಿಟ್ಟಳು. ಅವಳ ತಪ್ಪೇನೂ ಇರಲಿಲ್ಲ. ಆ ಬ್ರಾಕೆಟ್ ಯಾಕೆ ನಿಲ್ಲುತ್ತಿಲ್ಲ ಎಂಬುದಕ್ಕೆ ಉತ್ತರ ಅವಳು ಹುಟ್ಟಿ ಬೆಳೆದ ನೀರಿನಲ್ಲಿದೆ. ಅದನ್ನು ಮುಂದೆ ಹೇಳುತ್ತೇನೆ.

ಮಗಳ ಬಾಯಲ್ಲಿ ತಂತಿ ಕಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಯಾವ ಕ್ಲಿಪ್ ಹಾಕಿಸಿದಿರಿ?" ಸಿಂಧನೂರಿನ ಬಸ್ ನಿಲ್ದಾಣದಲ್ಲಿ, ಮದುವೆ ಮನೆಗಳಲ್ಲಿ, ಶಾಲೆಯ ಪಾಲಕರ ಸಭೆಯಲ್ಲಿ, ಎಲ್ಲೆಡೆಯೂ ಇದೇ. ಲೋಹದ್ದೋ, ಹಲ್ಲಿನ ಬಣ್ಣದ ಸೆರಾಮಿಕ್ ಬ್ರಾಕೆಟ್ಟೋ, ಹಲ್ಲಿನ ಒಳಬದಿಗೆ ಅಂಟಿಸುವಂಥದ್ದೋ, ಅಥವಾ ಟಿ.ವಿ. ಜಾಹೀರಾತಿನಲ್ಲಿ ತೋರಿಸುವ, ಹಲ್ಲಿನ ಮೇಲೆ ಹಾಕಿ ತೆಗೆಯಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಕವಚವಾದ ಅಲೈನರೋ ಎಂದು ತಿಳಿದುಕೊಳ್ಳುವ ಆಸೆ ಅವರದು. ಎರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಅಲೆದಿದ್ದೇನೆ. ಈಗ ಯಾರಾದರೂ ಕೇಳಿದರೆ ಉತ್ತರಿಸಲು ನನಗೆ ಹತ್ತು ನಿಮಿಷವಾದರೂ ಬೇಕಾಗುತ್ತದೆ. ಅಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಅವರಿಗೆ ಹೇಳಲಾಗದೆ ಉಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ತಂಗಿಯ ಹಲ್ಲುಗಳು

ನನ್ನ ಎಚ್ಚರಿಕೆಗೆ, ಒಂದು ರೀತಿಯಲ್ಲಿ ನನ್ನ ಭಯಕ್ಕೆ, ಕಾರಣ ನನ್ನ ತಂಗಿ. ಅವಳು ಪಿಯುಸಿ ಓದುತ್ತಿದ್ದಾಗ ಮೇಲಿನ ಮುಂದಿನ ಹಲ್ಲುಗಳು ಉಬ್ಬಿವೆ ಎಂದು ಅಪ್ಪ ಒಂದು ಊರಿನ ದಂತ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಅವಳಿಗೆ ಕೊಟ್ಟದ್ದು ಅಂಗುಳಕ್ಕೆ ಕಚ್ಚಿ ಕೂರುವ ಗುಲಾಬಿ ಬಣ್ಣದ ಪ್ಲೇಟು, ಅದರ ಮುಂದೆ ಹಲ್ಲುಗಳನ್ನು ಒಳಕ್ಕೆ ಒತ್ತುವ ಒಂದು ತಂತಿ. ಒಂಬತ್ತು ತಿಂಗಳಲ್ಲಿ ಹಲ್ಲುಗಳು ಒಳಗೆ ಹೋದವು. ಮನೆಯಲ್ಲಿ ಎಲ್ಲರೂ ಸಂತೋಷಪಟ್ಟೆವು, ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿದೆವು. ಪ್ಲೇಟನ್ನು ಇನ್ನು ಹಾಕುವುದು ಬೇಡ ಎಂದು ದವಾಖಾನೆಯಲ್ಲಿ ಹೇಳಿದರು, ಅಮ್ಮ ಅದನ್ನು ಟ್ರಂಕಿನಲ್ಲಿಟ್ಟಳು. ಎರಡು ವರ್ಷ ತುಂಬುವುದರೊಳಗೆ ಹಲ್ಲುಗಳು ಮುಕ್ಕಾಲು ಪಾಲು ಹಳೆಯ ಜಾಗಕ್ಕೇ ಬಂದು ನಿಂತಿದ್ದವು. ತನ್ನ ಮದುವೆಯ ಫೋಟೋಗಳಲ್ಲಿ ತಂಗಿ ಒಂದರಲ್ಲೂ ಬಾಯಿಬಿಟ್ಟು ನಕ್ಕಿಲ್ಲ. ಆ ಆಲ್ಬಂ ತೆರೆದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅವಳ ಮುಚ್ಚಿದ ತುಟಿಗಳ ಮೇಲೆ.

ಅಂದು ನಡೆದದ್ದು ಏನು ಎಂಬುದು ನನಗೆ ಮಗಳ ಚಿಕಿತ್ಸೆಯ ಕಾಲದಲ್ಲಿ ಅರ್ಥವಾಯಿತು. ತೆಗೆದು ಹಾಕುವ ಪ್ಲೇಟಿನ ತಂತಿ ಹಲ್ಲಿನ ಮೇಲ್ಭಾಗವನ್ನು ಒಂದು ಕಡೆ ಒತ್ತುತ್ತದೆ. ಹಲ್ಲು ವಾಲುತ್ತದೆಯೇ ಹೊರತು ಬೇರುಸಮೇತ ಜಾಗ ಬದಲಿಸುವುದಿಲ್ಲ. ಗೋಡೆಯಿಂದ ಮುಂದೆ ಬಾಗಿದ ಗೂಟವನ್ನು ತಲೆ ಹಿಡಿದು ಹಿಂದಕ್ಕೆ ಒತ್ತಿದಂತೆ. ಕೆಲವು ಹಲ್ಲುಗಳಿಗೆ ಅಷ್ಟೇ ಸಾಕಾಗುತ್ತದೆ, ತಂಗಿಯ ಹಲ್ಲಿಗೆ ಸಾಕಾಗುತ್ತಿರಲಿಲ್ಲ. ಎರಡನೆಯದು ಇನ್ನೂ ಮುಖ್ಯವಾದದ್ದು. ಹಲ್ಲು ಎಲುಬಿನಲ್ಲಿ ಮೊಳೆಯಂತೆ ಹೊಡೆದು ನಿಲ್ಲಿಸಿದ ವಸ್ತುವಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ತಂತಿ ಹಲ್ಲನ್ನು ಯಾವ ಕಡೆಗೆ ಒತ್ತುತ್ತದೋ ಆ ಕಡೆಯ ಎಲುಬು ಕರಗುತ್ತದೆ, ಹಲ್ಲು ಬಿಟ್ಟುಬಂದ ಕಡೆ ಹೊಸ ಎಲುಬು ಕಟ್ಟಿಕೊಳ್ಳುತ್ತದೆ. ಹಲ್ಲು ತಿಂಗಳಿಗೆ ಒಂದು ಮಿಲಿಮೀಟರಿನಷ್ಟು ಸರಿದರೆ ಅದು ಒಳ್ಳೆಯ ವೇಗ. ಆದರೆ ವಸಡಿನಲ್ಲಿರುವ ನಾರುಗಳು ಎಳೆದ ರಬ್ಬರಿನಂತೆ ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ, ಅವು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆ ಕಾಲದಲ್ಲಿ ಹಲ್ಲನ್ನು ಹಿಡಿದು ನಿಲ್ಲಿಸುವುದಕ್ಕೆಂದೇ ರಿಟೇನರ್ ಇರುವುದು. ತಂಗಿಗೆ ಆ ಪದವನ್ನೇ ಯಾರೂ ಹೇಳಿರಲಿಲ್ಲ.

ಆದ್ದರಿಂದ ಮಗಳನ್ನು ಕರೆದುಕೊಂಡು ಹೊರಟಾಗ ನಾನು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಂಡಿದ್ದೆ: ತಂತಿ ಬಿಚ್ಚಿದ ಮೇಲೆ ಏನು ಎಂಬುದನ್ನು ತಾವಾಗಿಯೇ ಮೊದಲ ದಿನ ಹೇಳದವರ ಹತ್ತಿರ ಚಿಕಿತ್ಸೆ ಬೇಡ. ಆ ನಿಯಮ ಹೇಗೆ ಉಪಯೋಗಕ್ಕೆ ಬಂತೆಂದರೆ, ಮೊದಲು ಹೋದ ದವಾಖಾನೆಯಲ್ಲಿ ನಮ್ಮನ್ನು ಕೂರಿಸಿ, ಟ್ಯಾಬ್‌ನಲ್ಲಿ ಅಲೈನರ್‌ನ ಚಲಿಸುವ ಚಿತ್ರ ತೋರಿಸಿ, ತಿಂಗಳ ಕೊನೆಯೊಳಗೆ ಹಣ ಕಟ್ಟಿದರೆ ರಿಯಾಯಿತಿ ಎಂದರು. ಒಂದು ಎಕ್ಸ್‌ರೇ ತೆಗೆದಿರಲಿಲ್ಲ, ಮಗಳ ಬಾಯಿಯ ಅಚ್ಚು ತೆಗೆದಿರಲಿಲ್ಲ. ಕೇಳಿದ ಮೊತ್ತ ಲೋಹದ ತಂತಿಗಿಂತ ಮೂರು ಪಟ್ಟು. ಎಲ್ಲ ಮುಗಿದ ಮೇಲೆ ಏನು ಎಂದು ನಾನೇ ಕೇಳಿದಾಗ, "ಆಮೇಲೆ ನೋಡೋಣ" ಎಂಬ ಉತ್ತರ ಬಂತು. ನಾವು ಎದ್ದು ಬಂದೆವು.

ಹಿತ್ತಾಳೆ ತಂತಿಯ ಲೆಕ್ಕ

ರಾಯಚೂರಿನಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ. ನಮ್ಮ ಭಾಗದ ಜನ ಹಲ್ಲು ಕೀಳಿಸುವುದಕ್ಕೆ, ಕಟ್ಟಿಸುವುದಕ್ಕೆ ಅಲ್ಲಿಗೆ ಹೋಗುತ್ತಾರೆ. ಹಲ್ಲು ಸಾಲು ಮಾಡಿಸುವುದಕ್ಕೂ ಅಲ್ಲಿ ಪ್ರತ್ಯೇಕ ವಿಭಾಗವಿರುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಬಿಡಿಎಸ್ ಮುಗಿಸಿ ಮತ್ತೆ ಮೂರು ವರ್ಷ ಇದೊಂದೇ ವಿಷಯದಲ್ಲಿ ಎಂಡಿಎಸ್ ಮಾಡಿದವರು ಆರ್ಥೊಡಾಂಟಿಸ್ಟ್. ಫಲಕದ ಮೇಲೆ "ಇಲ್ಲಿ ಕ್ಲಿಪ್ ಹಾಕಲಾಗುತ್ತದೆ" ಎಂದು ಇರುವುದೂ ಈ ಮೂರು ವರ್ಷದ ಓದೂ ಒಂದೇ ಅಲ್ಲವಾದ್ದರಿಂದ, ಆ ಮೂರು ಅಕ್ಷರಗಳನ್ನೂ ಅದರ ಮುಂದಿನ ವಿಷಯವನ್ನೂ ಕೇಳಿ ತಿಳಿದುಕೊಳ್ಳುವುದಕ್ಕೆ ಸಂಕೋಚಪಡಬಾರದು.

ರಾಯಚೂರಿನಲ್ಲಿ ನಮ್ಮನ್ನು ನೋಡಿದ ವೈದ್ಯೆ ಮೊದಲ ದಿನ ಯಾವ ಕ್ಲಿಪ್ಪಿನ ಮಾತನ್ನೂ ಆಡಲಿಲ್ಲ. ಪೂರ್ತಿ ದವಡೆಯ ಎಕ್ಸ್‌ರೇ ಒಂದು, ತಲೆಯನ್ನು ಪಕ್ಕದಿಂದ ತೆಗೆದ ಎಕ್ಸ್‌ರೇ ಒಂದು, ಎರಡೂ ದವಡೆಯ ಅಚ್ಚು, ಮುಖದ ಫೋಟೋಗಳು, ಇಷ್ಟಕ್ಕೇ ಮಧ್ಯಾಹ್ನವಾಯಿತು. ಎರಡನೆಯ ಸಲ ಹೋದಾಗ ಮಗಳ ಹಲ್ಲುಗಳು ಬಿಳಿಯ ಪ್ಲಾಸ್ಟರಿನಲ್ಲಿ ಮೇಜಿನ ಮೇಲೆ ಕುಳಿತಿದ್ದವು. ವೈದ್ಯೆ ಒಂದು ತೆಳ್ಳನೆಯ ಹಿತ್ತಾಳೆ ತಂತಿಯನ್ನು ತೆಗೆದುಕೊಂಡು, ಒಂದು ಕಡೆಯ ದವಡೆ ಹಲ್ಲಿನಿಂದ ಇನ್ನೊಂದು ಕಡೆಯ ದವಡೆ ಹಲ್ಲಿನವರೆಗೆ ಕಮಾನಿನಂತೆ ಬಾಗಿಸಿ ಇಟ್ಟರು. ಆಮೇಲೆ ಅದನ್ನು ನೇರ ಮಾಡಿ ಸ್ಕೇಲಿನ ಮೇಲಿಟ್ಟು ಅಳೆದರು. ಅಷ್ಟು ಜಾಗ ಇದೆ. ನಂತರ ಒಂದೊಂದೇ ಹಲ್ಲಿನ ಅಗಲವನ್ನು ಅಳೆದು ಕೂಡಿಸಿದರು. ಇಷ್ಟು ಜಾಗ ಬೇಕು. ಮೇಲಿನ ಸಾಲಿನಲ್ಲಿ ಕೊರತೆ 9 ಮಿಲಿಮೀಟರ್. "ಬೆಂಚಿನ ಮೇಲೆ ಎಂಟು ಮಂದಿಗೆ ಜಾಗ ಇದ್ದು ಒಂಬತ್ತು ಮಂದಿ ಕೂತರೆ ಒಬ್ಬರು ಮುಂದಕ್ಕೆ ಸರಿಯಬೇಕು, ಇಲ್ಲ ಎದ್ದು ನಿಲ್ಲಬೇಕು, ಇವಳ ಕೋರೆಹಲ್ಲು ಎದ್ದು ನಿಂತಿದೆ, ಮುಂದಿನವು ಮುಂದಕ್ಕೆ ಸರಿದಿವೆ" ಎಂದರು. ಹದಿಮೂರರ ಮಗಳಿಗೆ ಅದು ಥಟ್ಟನೆ ಅರ್ಥವಾಯಿತು. ಅವಳ ಶಾಲೆಯಲ್ಲಿ ಬೆಂಚುಗಳು ಹಾಗೆಯೇ ಇರುತ್ತವೆ.

ಜಾಗ ಮಾಡುವುದಕ್ಕೆ ನಾಲ್ಕು ಹಲ್ಲು ತೆಗೆಯಬೇಕು ಎಂದಾಗ ನಾನು ಕಲ್ಲಾಗಿ ಕುಳಿತೆ. ಹುಳುಕಿಲ್ಲದ, ನೋವಿಲ್ಲದ, ಗಟ್ಟಿಮುಟ್ಟಾದ ಹಲ್ಲುಗಳು. ಊರಲ್ಲಿ ಹಿರಿಯರು ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ ಎನ್ನುತ್ತಾರೆ. ಅದರಲ್ಲಿ ನಿಜವಿಲ್ಲವೆಂದು ತಿಳಿದಿದ್ದರೂ ಮನಸ್ಸು ಒಪ್ಪಲು ಒಂದು ವಾರ ಬೇಕಾಯಿತು. ಆ ವಾರ ಓದುತ್ತಾ ಹೋದಾಗ, ನನ್ನ ಸಂಕಟ ಈ ವಿದ್ಯೆಯಷ್ಟೇ ಹಳೆಯದು ಎಂಬುದು ತಿಳಿಯಿತು. ಹಲ್ಲು ಕೂಡುವ ರೀತಿಯನ್ನು ಮೂರು ವರ್ಗಗಳಾಗಿ 1899ರಲ್ಲಿ ವಿಂಗಡಿಸಿದ ಅಮೆರಿಕದ ಎಡ್ವರ್ಡ್ ಆಂಗಲ್ ಒಂದು ಹಲ್ಲನ್ನೂ ತೆಗೆಯಬಾರದು ಎನ್ನುತ್ತಿದ್ದರು. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ಮಾತಿನಂತೆಯೇ ಚಿಕಿತ್ಸೆ ಮಾಡಿ, ಮುಗಿದ ಮೇಲೆ ಹಲ್ಲುಗಳು ಮತ್ತೆ ಮುಂದೆ ಬರುವುದನ್ನು ಕಂಡು, ಅದೇ ರೋಗಿಗಳಿಗೆ ಹಲ್ಲು ತೆಗೆದು ಮತ್ತೊಮ್ಮೆ ಚಿಕಿತ್ಸೆ ಮಾಡಿ ತೋರಿಸಿದರು. ಇಂದಿಗೂ ಇದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದು ಉತ್ತರವಿಲ್ಲ. ಕೊರತೆ ಕಡಿಮೆಯಿದ್ದರೆ ಹಲ್ಲಿನ ಪಕ್ಕಗಳನ್ನು ಕೂದಲೆಳೆಯಷ್ಟು ತಿಕ್ಕಿ ಜಾಗ ಮಾಡಬಹುದು, ಬೆಳೆಯುವ ವಯಸ್ಸಿನಲ್ಲಿ ಅಂಗುಳ ಇಕ್ಕಟ್ಟಾಗಿದ್ದರೆ ಅಗಲಿಸಬಹುದು. ನಮ್ಮ ಮಗಳ ಮಟ್ಟಿಗೆ ಹಿತ್ತಾಳೆ ತಂತಿ ಹೇಳಿದ ಲೆಕ್ಕ ಸ್ಪಷ್ಟವಾಗಿತ್ತು: ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲು ಸುಮಾರು 7 ಮಿಲಿಮೀಟರ್ ಅಗಲ, ಮೇಲಿನ ಸಾಲಿನಲ್ಲಿ ಎರಡು ತೆಗೆದರೆ 14. ಅದರಲ್ಲಿ 9 ಇಕ್ಕಟ್ಟಿಗೆ, ಉಳಿದದ್ದು ಮುಂದಿನ ಹಲ್ಲುಗಳನ್ನು ಹಿಂದಕ್ಕೆ ತರುವುದಕ್ಕೆ. ಆ ಹಲ್ಲುಗಳನ್ನು ವಾಲಿಸದೆ ಬೇರುಸಮೇತ ಅಷ್ಟು ದೂರ ತರಬೇಕಾದರೆ ಹಲ್ಲಿಗಂಟಿ ನಿಂತ ಬ್ರಾಕೆಟ್ ಮತ್ತು ತಂತಿಯ ಹಿಡಿತ ಹೆಚ್ಚು ಎಂದು ವೈದ್ಯೆ ಹೇಳಿದರು. ಯಾವ ಕ್ಲಿಪ್ ಎಂಬ ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಗೆ ತಾನಾಗಿಯೇ ಸಿಕ್ಕಿತ್ತು.

ಇಲ್ಲೊಂದು ಮಾತು ಸೇರಿಸಬೇಕು. ಎಲ್ಲ ಹಾಲುಹಲ್ಲು ಬಿದ್ದು, ಎಲ್ಲ ಹಲ್ಲು ಬಂದ ಮೇಲೆ ನೋಡೋಣ ಎಂದು ನಮ್ಮಲ್ಲಿ ಕಾಯುತ್ತಾರೆ. ಮಗಳಿಗೆ ಅದರಿಂದ ನಷ್ಟವಾಗಲಿಲ್ಲ. ಆದರೆ ಕೆಳದವಡೆ ಹಿಂದೆ ಉಳಿದ ಮಗುವಿಗೆ ನಷ್ಟವಾಗುತ್ತದೆ, ಏಕೆಂದರೆ ದವಡೆಯ ಬೆಳವಣಿಗೆಯನ್ನೇ ಬಳಸಿಕೊಳ್ಳುವ ಟ್ವಿನ್ ಬ್ಲಾಕ್‌ನಂಥ ಸಾಧನಗಳು ಹತ್ತರಿಂದ ಹದಿನಾಲ್ಕರ ಸುಮಾರಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಆ ವಯಸ್ಸು ದಾಟಿದ ಮೇಲೆ ದವಡೆಯ ದೋಷ ಹೆಚ್ಚಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಏಳನೆಯ ವಯಸ್ಸಿನೊಳಗೆ ಒಮ್ಮೆ ತೋರಿಸಿ ಎನ್ನುವುದು ಇದಕ್ಕಾಗಿಯೇ. ತೋರಿಸಿದ ಮಾತ್ರಕ್ಕೆ ತಂತಿ ಹಾಕಿಸಬೇಕೆಂದಿಲ್ಲ.

ಅಜ್ಜಿಯ ಊರಿನ ನೀರು

ಉಳಿದರ್ಧ ಉತ್ತರ ಸಿಕ್ಕಿದ್ದು ವೈದ್ಯೆ ನನ್ನನ್ನು ಬಿಟ್ಟು ಮಗಳನ್ನು ಮಾತನಾಡಿಸಿದಾಗ. "ನಿನ್ನ ಹಲ್ಲಿನಲ್ಲಿ ನಿನಗೆ ಬೇಸರ ತರುವುದು ಯಾವುದು?" ಎಂದು ಕೇಳಿದರು. ಉಬ್ಬಿದ ಹಲ್ಲು ಎಂದೋ, ಮೇಲೆದ್ದ ಕೋರೆಹಲ್ಲು ಎಂದೋ ಹೇಳುತ್ತಾಳೆಂದು ನಾನು ಕಾದಿದ್ದೆ. ಅವಳು ತುಸು ಹೊತ್ತು ಸುಮ್ಮನಿದ್ದು, ಬೆರಳಿನಿಂದ ಮುಂದಿನ ಹಲ್ಲನ್ನು ಮುಟ್ಟಿ, "ಈ ಕಲೆ" ಎಂದಳು. ಇಷ್ಟು ವರ್ಷ ಅವಳ ಜೊತೆ ಒಂದೇ ಮನೆಯಲ್ಲಿದ್ದು ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಹಲ್ಲು ಸಾಲಾಗುವುದು ಬೇಕೋ ಬೇಡವೋ ಎಂದು ವೈದ್ಯೆ ಮತ್ತೆ ಕೇಳಿದರು. "ಎರಡೂ ಬೇಕು" ಎಂದಳು.

ಮಗಳು ಒಂದನೆಯ ತರಗತಿಗೆ ಸೇರುವವರೆಗೆ ಕುಷ್ಟಗಿ ತಾಲ್ಲೂಕಿನ ನಮ್ಮಮ್ಮನ ಊರಿನಲ್ಲಿ ಬೆಳೆದವಳು, ಅಲ್ಲಿಯ ಕೊಳವೆಬಾವಿಯ ನೀರು ಕುಡಿದವಳು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ಕೆಳಗಿನ ಗ್ರಾನೈಟ್ ಬಂಡೆಯಿಂದ ಅದು ನೀರಿಗೆ ಇಳಿಯುತ್ತದೆ. ಮುಂದಿನ ಶಾಶ್ವತ ಹಲ್ಲುಗಳು ಆರೇಳನೆಯ ವರ್ಷಕ್ಕೆ ಕಾಣಿಸಿಕೊಂಡರೂ ಅವುಗಳ ಎನಾಮಲ್, ಅಂದರೆ ಗಟ್ಟಿಯಾದ ಹೊರಪದರ, ಎಲುಬಿನೊಳಗೆ ಕಟ್ಟಿಕೊಳ್ಳುವುದು ಹುಟ್ಟಿದಾಗಿನಿಂದ ನಾಲ್ಕೈದು ವರ್ಷದವರೆಗೆ. ಆ ಕಾಲದ ನೀರು ಹಲ್ಲಿನ ಮೇಲೆ ಉಳಿದುಬಿಡುತ್ತದೆ, ಸುಣ್ಣದಂಥ ಬಿಳಿ ಗೆರೆಯಾಗಿ, ಹೆಚ್ಚಾದರೆ ಕಂದು ಕಲೆಯಾಗಿ. ಅವಳ ತಮ್ಮ ಸಿಂಧನೂರಿನಲ್ಲೇ ಹುಟ್ಟಿ, ಕಾಲುವೆಯಿಂದ ತುಂಬುವ ಕೆರೆಯ ನೀರು ಕುಡಿದು ಬೆಳೆದವನು. ಅವನ ಹಲ್ಲಿನಲ್ಲಿ ಒಂದು ಗೆರೆಯಿಲ್ಲ. ಅಮ್ಮನ ಊರಿನಲ್ಲಿ ಹಳದಿ ಹಲ್ಲು ಎಲ್ಲರಿಗೂ ಇದ್ದುದರಿಂದ ಅದು ಯಾರಿಗೂ ಕೊರತೆಯೆಂದು ಕಂಡಿರಲಿಲ್ಲ. ಮಗಳಿಗೆ ಅದು ಕೊರತೆಯಾಗಿ ಕಂಡದ್ದು ಇಲ್ಲಿಯ ಶಾಲೆಗೆ ಸೇರಿದ ಮೇಲೆ.

ಬ್ರಾಕೆಟ್ ಅಂಟಿಸುವ ಮೊದಲು ಹಲ್ಲಿನ ಮೇಲೆ ಫಾಸ್ಫಾರಿಕ್ ಆಮ್ಲದ ಜೆಲ್ ಅನ್ನು ಅರ್ಧ ನಿಮಿಷದಷ್ಟು ಇಟ್ಟು ತೊಳೆಯುತ್ತಾರೆ. ನುಣುಪಾದ ಎನಾಮಲ್ ಆಗ ಕಣ್ಣಿಗೆ ಕಾಣದಷ್ಟು ತರಿತರಿಯಾಗುತ್ತದೆ, ಅಂಟು ಆ ತರಿಯೊಳಗೆ ಇಳಿದು ಹಿಡಿಯುತ್ತದೆ. ಫ್ಲೋರೈಡ್ ಹೊಡೆದ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ, ಅದರ ಕೆಳಗಿನ ಪದರವಾದರೋ ರಂಧ್ರಮಯವಾಗಿ ದುರ್ಬಲವಾಗಿರುತ್ತದೆ. ಮಗಳ ಬ್ರಾಕೆಟ್ ಮತ್ತೆ ಮತ್ತೆ ಕಳಚುವುದು ಇದರಿಂದ. ಸೆರಾಮಿಕ್ ಬ್ರಾಕೆಟ್ ಹಾಕಿಸೋಣವೇ, ಎದ್ದು ಕಾಣುವುದಿಲ್ಲವಲ್ಲ ಎಂದು ನಾನು ಕೇಳಿದ್ದೆ. ಸೆರಾಮಿಕ್ ಬಾಗುವುದಿಲ್ಲ, ಚಿಕಿತ್ಸೆ ಮುಗಿದು ಕೀಳುವಾಗ ಎನಾಮಲ್‌ನ ಚಕ್ಕೆ ಏಳುವ ಅಪಾಯ ಅದರಲ್ಲಿ ಹೆಚ್ಚು, ಇಂಥ ಹಲ್ಲಿಗಂತೂ ಬೇಡ ಎಂದರು. ಅಲೈನರ್ ಆದರೂ ಹಿಡಿತಕ್ಕಾಗಿ ಹಲ್ಲಿನ ಮೇಲೆ ಸಣ್ಣ ಸಣ್ಣ ಗುಂಡಿಗಳನ್ನು ಇದೇ ರೀತಿ ಅಂಟಿಸಬೇಕು. ಲೋಹದ ಬ್ರಾಕೆಟ್ ಬಿದ್ದರೆ ಮತ್ತೆ ಅಂಟಿಸಬಹುದು, ಹಲ್ಲು ಉಳಿಯುತ್ತದೆ. ಕಲೆಯ ವಿಷಯವನ್ನು ಅವರು ಮರೆತಿರಲಿಲ್ಲ: ಹಲ್ಲು ಸಾಲಾಗುವುದರಿಂದ ಕಲೆ ಹೋಗುವುದಿಲ್ಲ, ತಂತಿ ಬಿಚ್ಚಿದ ಮೇಲೆ ಮೇಲ್ಪದರವನ್ನು ಬಹಳ ತೆಳುವಾಗಿ ಉಜ್ಜಿ ತಿಳಿಗೊಳಿಸುವ ಚಿಕಿತ್ಸೆಯಿದೆ ಎಂದು ಮಗಳಿಗೇ ನೇರವಾಗಿ ಹೇಳಿ, ಅದನ್ನು ಚೀಟಿಯ ಕೊನೆಯ ಸಾಲಿನಲ್ಲಿ ಬರೆದರು. ಆ ಚೀಟಿಯನ್ನು ಮಗಳು ತನ್ನ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.

ಅಲೈನರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇಕ್ಕಟ್ಟು ಕಡಿಮೆಯಿರುವವರಿಗೆ, ತಮ್ಮ ಶಿಸ್ತನ್ನು ತಾವೇ ನೋಡಿಕೊಳ್ಳುವ ವಯಸ್ಕರಿಗೆ ಅದು ನಿಜಕ್ಕೂ ಅನುಕೂಲ. ತೆಗೆದಿಟ್ಟು ಊಟ ಮಾಡಬಹುದು, ಹಲ್ಲುಜ್ಜುವುದು ಸುಲಭ. ಆದರೆ ದಿನಕ್ಕೆ 20ರಿಂದ 22 ತಾಸು ಅದು ಬಾಯಲ್ಲೇ ಇರಬೇಕು. ಶಾಲೆಯಲ್ಲಿ ಬುತ್ತಿ ಬಿಚ್ಚುವಾಗ ಕಾಗದದಲ್ಲಿ ಸುತ್ತಿಟ್ಟು, ಆಟದ ಗಂಟೆ ಹೊಡೆದೊಡನೆ ಮರೆತು ಓಡುವ ಮಕ್ಕಳ ಕೈಗೆ ಅದನ್ನು ಕೊಡುವ ಮೊದಲು ಯೋಚಿಸಬೇಕು.

ಎರಡು ವರ್ಷದ ಬಸ್ಸು

ಕೊನೆಗೆ ವೈದ್ಯೆ ಕೇಳಿದ ಪ್ರಶ್ನೆಯನ್ನು ಮಾತ್ರ ನಾನು ಎಲ್ಲರಿಗೂ ತಪ್ಪದೆ ಹೇಳುತ್ತೇನೆ. "ಈಗ ಎಂಟನೆಯ ತರಗತಿ, ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ಎಲ್ಲಿಗೆ ಕಳಿಸುತ್ತೀರಿ?" ನಮ್ಮ ಭಾಗದ ಮಕ್ಕಳು ಪಿಯುಸಿಗೆಂದು ಧಾರವಾಡಕ್ಕೋ ಮಂಗಳೂರಿಗೋ ಹಾಸ್ಟೆಲ್ ಸೇರುತ್ತಾರೆ. ಅರ್ಧ ಎಳೆದ ತಂತಿಯನ್ನು ಇನ್ನೊಬ್ಬ ವೈದ್ಯರ ಕೈಗೆ ಒಪ್ಪಿಸುವುದು ಸುಲಭವಲ್ಲ. ಹೊಸಬರು ಹಿಂದಿನವರ ಯೋಜನೆಯನ್ನು ಮೊದಲಿನಿಂದ ಓದಬೇಕು, ಹಣದ ಲೆಕ್ಕ ಬೇರೆಯಾಗುತ್ತದೆ, ನಡುವೆ ತಿಂಗಳುಗಳು ಕಳೆಯುತ್ತವೆ. ಹತ್ತನೆಯ ತರಗತಿಯೊಳಗೆ ಮುಗಿಸಬೇಕಾದರೆ ಈಗಲೇ ಆರಂಭಿಸಬೇಕು, ತಿಂಗಳಿಗೊಮ್ಮೆ ತಪ್ಪದೆ ಬರಬೇಕು ಎಂದರು. ಮಾನ್ವಿ ದಾಟಿ ರಾಯಚೂರು ಸೇರಲು ನಮಗೆ ಎರಡು ತಾಸಿಗಿಂತ ಹೆಚ್ಚು ಬೇಕು; ಹೋಗಿ ಬರುವುದೆಂದರೆ ಶನಿವಾರವೊಂದು ಪೂರ್ತಿ. ನನ್ನ ಯಜಮಾನರೂ ನಾನೂ ಕ್ಯಾಲೆಂಡರ್ ತೆಗೆದು, ಭತ್ತದ ನಾಟಿ, ಕೊಯ್ಲಿನ ದಿನಗಳಲ್ಲಿ ಯಾರು ಕರೆದುಕೊಂಡು ಹೋಗುವುದು ಎಂದು ಕೂಡ ಬರೆದುಕೊಂಡ ಮೇಲೆಯೇ ಒಪ್ಪಿದೆವು.

ಮೊದಲ ತಂತಿ ನಿಕ್ಕಲ್ ಮತ್ತು ಟೈಟೇನಿಯಂ ಬೆರೆತದ್ದು. ಎಷ್ಟು ಬಾಗಿಸಿದರೂ ತನ್ನ ಮೂಲ ಆಕಾರಕ್ಕೆ ಮರಳುವ ಈ ಮಿಶ್ರಲೋಹ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿ, 1970ರ ದಶಕದಲ್ಲಿ ಹಲ್ಲಿನ ಚಿಕಿತ್ಸೆಗೆ ಬಂತು. ಬಾಯಿಯ ಬಿಸಿಗೆ ಚುರುಕಾಗುವ ಬಗೆಯದಾದ್ದರಿಂದ ಮೊದಲ ವಾರ ನೋವಾದಾಗಲೆಲ್ಲ ಮಗಳು ಮಡಕೆಯ ತಣ್ಣೀರು ಬಾಯಲ್ಲಿ ಹಿಡಿದುಕೊಳ್ಳುತ್ತಿದ್ದಳು; ಸ್ವಲ್ಪ ಹೊತ್ತು ಎಳೆತ ಸಡಿಲವಾಗುತ್ತದೆ ಎನ್ನುತ್ತಿದ್ದಳು. ಸಂಕ್ರಾಂತಿಯ ಕಬ್ಬನ್ನು ತುಂಡು ಮಾಡಿ ಹಿಂಡಿ ಕೊಟ್ಟೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಬಿಸಿ ಸಾರಿನಲ್ಲಿ ಮುರಿದು ನೆನೆಸಿ ತಿಂದಳು. ಒಗ್ಗಾಣಿ ತಿಂದರೆ ಮಂಡಕ್ಕಿಯ ಸಿಪ್ಪೆ ತಂತಿಯಡಿ ಸೇರುತ್ತದೆ, ಅದಕ್ಕೆ ಚಿಕ್ಕ ಕುಂಚದಂಥ ಬೇರೆ ಬ್ರಷ್ ಇದೆ. ಸರಿಯಾಗಿ ಉಜ್ಜದಿದ್ದರೆ ಬ್ರಾಕೆಟ್ ಸುತ್ತ ಸುಣ್ಣದ ಬೊಟ್ಟಿನಂಥ ಬಿಳಿ ಗುರುತು ಬೀಳುತ್ತದೆ. ಕಲೆಯನ್ನೇ ದ್ವೇಷಿಸುವ ಅವಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಕಳೆದ ಶನಿವಾರ ಭರಣಿಯನ್ನು ಹಿಡಿದುಕೊಂಡು ಮೊದಲ ಬಸ್ಸಿಗೆ ಹೋದೆವು. ಈ ಸಲ ವೈದ್ಯೆ ಆ ಹಲ್ಲಿನ ಮೇಲೆ ನುಣ್ಣನೆಯ ಪುಡಿಯನ್ನು ಗಾಳಿಯ ರಭಸದಲ್ಲಿ ಹಾಯಿಸಿ ತರಿ ಮಾಡಿ, ಆಮ್ಲವನ್ನು ಇನ್ನೂ ಹೆಚ್ಚು ಹೊತ್ತು ಇಟ್ಟು, ಹೊಸ ಬ್ರಾಕೆಟ್ ಅಂಟಿಸಿದರು. ಮೇಲೆದ್ದಿದ್ದ ಕೋರೆಹಲ್ಲು ಈಗ ಸಾಲಿಗೆ ಇಳಿದಿದೆ, ಹಿಂದೆ ಒಂದು ಅಕ್ಕಿಕಾಳಿನಷ್ಟು ಸಂದು ಉಳಿದಿದೆ. ತಂತಿ ಬಿಚ್ಚಿದ ದಿನವೇ ಹಲ್ಲಿನ ಹಿಂಬದಿಗೆ ಒಂದು ಸಣ್ಣ ತಂತಿಯನ್ನು ಕಾಯಂ ಆಗಿ ಅಂಟಿಸುವುದು, ರಾತ್ರಿ ಹೊತ್ತು ರಿಟೇನರ್ ಹಾಕಿಕೊಳ್ಳುವುದು ಎಂದು ಆಗಲೇ ನಿಶ್ಚಯವಾಗಿದೆ.

ನಮ್ಮ ಜೊತೆ ತಂಗಿಯೂ ಬಂದಿದ್ದಳು. ನಲವತ್ತು ದಾಟಿದ ಮೇಲೆ ಹಲ್ಲು ಸರಿಯುತ್ತವೆಯೇ ಎಂದು ಅವಳು ಬಾಗಿಲ ಹತ್ತಿರ ನಿಂತು ಕೇಳಿದಳು. ವೈದ್ಯೆ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಹಲ್ಲಿನ ಸುತ್ತ ಒಂದು ತೆಳ್ಳನೆಯ ಸಲಾಕೆಯಿಂದ ವಸಡಿನ ಆಳವನ್ನು ಅಳೆದರು. ವಯಸ್ಸು ಅಡ್ಡಿಯಲ್ಲ, ಹಲ್ಲನ್ನು ಹಿಡಿದಿರುವ ಎಲುಬು ಮತ್ತು ವಸಡು ಗಟ್ಟಿಯಾಗಿರಬೇಕು ಎಂದರು. ಎರಡು ಕಡೆ ರಕ್ತ ಬಂತು. ಮೊದಲು ವಸಡಿನ ಚಿಕಿತ್ಸೆ, ಮೂರು ತಿಂಗಳು ಬಿಟ್ಟು ಮತ್ತೆ ನೋಡಿ ಆಮೇಲೆ ಎಕ್ಸ್‌ರೇ ಮತ್ತು ಅಚ್ಚು ಎಂದು ಬರೆದುಕೊಟ್ಟಿದ್ದಾರೆ. ಮುಂದಿನ ಭೇಟಿಗೆ ಮಗಳೂ ಅವಳೂ ಒಂದೇ ಶನಿವಾರ ಸಮಯ ತೆಗೆದುಕೊಂಡಿದ್ದಾರೆ.